ಕಾರಿನ ಕಿಟಕಿ ಕೈಕೊಟ್ಟಾಗ

ಭಾರತ ಹುಣ್ಣಿಮೆಯ ಹೊತ್ತಿಗೆ ಸವದತ್ತಿಯ ಯಲ್ಲಮ್ಮನ ಗುಡ್ಡದ ದಾರಿಗಳೆಲ್ಲ ತುಂಬಿಹೋಗುತ್ತವೆ. ಚಕ್ಕಡಿ, ಟ್ರ್ಯಾಕ್ಟರ್, ಬಸ್ಸುಗಳ ಜೊತೆಗೆ ಈಗ ಕಾರುಗಳ ಸಾಲೂ ಸೇರಿದೆ. ಮುಂದಿನ ಗಾಡಿ ಎಬ್ಬಿಸಿದ ಧೂಳು ಕಂಡೊಡನೆ ಕಾರಿನೊಳಗಿದ್ದವರು ಗುಂಡಿ ಒತ್ತಿ ಗಾಜು ಏರಿಸುತ್ತಾರೆ. ಮೂರು ಗಾಜು ಏರುತ್ತವೆ, ನಾಲ್ಕನೆಯದು ಅರ್ಧಕ್ಕೇ ನಿಂತುಬಿಡುತ್ತದೆ. ಗುಂಡಿಯನ್ನು ಎಷ್ಟು ಒತ್ತಿದರೂ ಅದು ಮಿಸುಕುವುದಿಲ್ಲ.

ಅಂಬಾಸಿಡರ್, ಮಾರುತಿ 800 ಕಾರುಗಳ ಕಾಲದಲ್ಲಿ ಈ ಪರದಾಟ ಅಷ್ಟಾಗಿ ಇರಲಿಲ್ಲ. ಬಾಗಿಲಿಗೆ ಹಿಡಿಕೆಯಿತ್ತು, ತಿರುವಿದರೆ ಗಾಜು ಏರುತ್ತಿತ್ತು, ಇಳಿಯುತ್ತಿತ್ತು. 1940ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಂಪನಿಯ ದುಬಾರಿ ಕಾರಿನಲ್ಲಿ ಕಾಣಿಸಿಕೊಂಡ ಗುಂಡಿಯ ಕಿಟಕಿ ಇಂದು ಸಾಧಾರಣ ಕುಟುಂಬದ ಸಣ್ಣ ಕಾರಿಗೂ ಬಂದಿದೆ. ಕೈಗೆ ಶ್ರಮ ಉಳಿಯಿತು, ನಿಜ. ಆದರೆ ಕೆಟ್ಟರೆ ಕಾರಣ ಕಣ್ಣಿಗೆ ಬೀಳುವುದಿಲ್ಲ. ಅದು ಬಾಗಿಲಿನ ತಗಡಿನೊಳಗೆ ಅಡಗಿರುತ್ತದೆ.

ಕಾಣದ ದೋಷಕ್ಕೆ ಬಹುಮಂದಿ ಕಂಡುಕೊಂಡ ಉಪಾಯ ಊಹೆ. “ಮೋಟರ್ ಹೋಗೇತ್ರಿ, ಹೊಸಾದ ಹಾಕೂಣು” ಎಂಬ ಮಾತಿಗೆ ಮಾಲೀಕರೂ ತಲೆಯಾಡಿಸುತ್ತಾರೆ. ಸಾವಿರಾರು ರೂಪಾಯಿ ಖರ್ಚಾಗಿ ಹೊಸ ಮೋಟಾರು ಕೂರುತ್ತದೆ, ಗಾಜೂ ಏರುತ್ತದೆ. ಎಂಟು ದಿನ ಕಳೆದ ಮೇಲೆ ಮತ್ತೆ ಅದೇ ಕಥೆ! ಏಕೆಂದರೆ ಹಳೆಯ ಮೋಟಾರು ಕೆಟ್ಟಿರಲೇ ಇಲ್ಲ. ಒಂದು ತಂತಿ ಒಳಗೊಳಗೇ ತುಂಡಾಗಿತ್ತು. ಕೆಲಸ ಮಾಡುವಾಗ ಅಲುಗಾಡಿಸಿದ್ದರಿಂದ ತುದಿಗಳು ತಾತ್ಕಾಲಿಕವಾಗಿ ಕೂಡಿದ್ದವು, ಅಷ್ಟೆ. ಬದಲಿಸುವ ಮೊದಲು ಹುಡುಕಬೇಕು ಎಂಬ ಪಾಠಕ್ಕೆ ಇದಕ್ಕಿಂತ ಸರಳ ಉದಾಹರಣೆ ಸಿಗಲಿಕ್ಕಿಲ್ಲ.

ಹುಡುಕಬೇಕಾದರೆ ಒಳಗೇನಿದೆ ಎಂಬುದು ತಿಳಿದಿರಬೇಕು. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಫ್ಯೂಸು, ಹಲವು ಕಾರುಗಳಲ್ಲಿ ರಿಲೇ, ಅನಂತರ ಗುಂಡಿಯ ಸ್ವಿಚ್ಚು, ಬಾಗಿಲಿನ ತಂತಿಗಳನ್ನು ದಾಟಿ ಒಂದು ಚಿಕ್ಕ ಮೋಟಾರನ್ನು ಸೇರುತ್ತದೆ. ಧನ, ಋಣಗಳನ್ನು ಅದಲುಬದಲು ಮಾಡಿದರೆ ಮೋಟಾರು ಹಿಂದುಮುಂದಾಗಿ ತಿರುಗುತ್ತದೆ. ಸ್ವಿಚ್ಚಿನ ಕೆಲಸವೇ ಅದು. ಮೋಟಾರಿನ ತುದಿಯಲ್ಲಿ ತಿರುಪಿನಂಥ ಹಲ್ಲಿರುವ ವರ್ಮ್ ಗಿಯರ್ ಇದೆ. ತಿರುಪು ಚಕ್ರವನ್ನು ತಿರುಗಿಸಬಲ್ಲದು, ಚಕ್ರ ತಿರುಪನ್ನು ತಿರುಗಿಸಲಾರದು. ಹೀಗಾಗಿಯೇ ಏರಿದ ಗಾಜನ್ನು ಅಂಗೈಯಿಂದ ಒತ್ತಿ ಇಳಿಸಲು ಆಗುವುದಿಲ್ಲ. ಈ ಚಕ್ರವು ಕತ್ತರಿಯಾಕಾರದ ತೋಳುಗಳನ್ನೋ ಉಕ್ಕಿನ ಕೇಬಲ್ಲನ್ನೋ ಎಳೆದು ಗಾಜನ್ನು ಸರಿಸುತ್ತದೆ. ಆ ಭಾಗಕ್ಕೆ ರೆಗ್ಯುಲೇಟರ್ ಎಂದು ಹೆಸರು. ಗ್ಯಾರೇಜಿನವರು ಬರೀ ‘ಮಷಿನ್’ ಎನ್ನುತ್ತಾರೆ.

ಇನ್ನು ಪರೀಕ್ಷೆ. ಮೊದಲ ಪ್ರಶ್ನೆಗೆ ಯಾವ ಉಪಕರಣವೂ ಬೇಡ: ಕೆಟ್ಟಿರುವುದು ಒಂದು ಕಿಟಕಿಯೋ, ಎಲ್ಲವೂ? ಕಿತ್ತೂರಿನ ಹತ್ತಿರ ಹೆದ್ದಾರಿಯಲ್ಲಿ ಸಾಗುತ್ತಿದ್ದ ಕಾರಿನ ನಾಲ್ಕೂ ಗಾಜುಗಳು ಒಟ್ಟಿಗೇ ನಿಂತವೆಂದುಕೊಳ್ಳಿ. ನಾಲ್ಕು ಮೋಟಾರುಗಳು ಒಂದೇ ಗಳಿಗೆಯಲ್ಲಿ ಸುಡುವುದು ಅಸಂಭವ. ದೋಷ ನಾಲ್ಕಕ್ಕೂ ಸಮಾನವಾದ ಹಾದಿಯಲ್ಲಿದೆ; ಎಂದರೆ ಫ್ಯೂಸು, ರಿಲೇ ಅಥವಾ ಮುಖ್ಯ ತಂತಿಯಲ್ಲಿ. ಸುಟ್ಟ ಫ್ಯೂಸಿನ ಜಾಗಕ್ಕೆ ಅಷ್ಟೇ ಆಂಪಿಯರಿನದನ್ನು ಹಾಕಬೇಕು. ಹೆಚ್ಚಿನದನ್ನೋ ತಂತಿಯ ತುಂಡನ್ನೋ ಹಾಕಿದರೆ ಮುಂದಿನ ಸಲ ಸುಡುವುದು ಫ್ಯೂಸಲ್ಲ, ತಂತಿ.

ಒಂದೇ ಕಿಟಕಿ ಕೆಟ್ಟಿದ್ದರೆ ಎರಡನೆಯ ಪ್ರಶ್ನೆ. ಆ ಬಾಗಿಲಿನ ಗುಂಡಿಗೆ ಅಲುಗದ ಗಾಜು ಚಾಲಕನ ಬದಿಯ ಗುಂಡಿಗೆ ಅಲುಗುತ್ತದೆಯೇ? ಅಲುಗಿದರೆ ಮೋಟಾರು, ಮಷಿನ್ ಎರಡೂ ನಿರಪರಾಧಿಗಳು. ಸ್ವಿಚ್ಚನ್ನೋ ಅದಕ್ಕೆ ಬರುವ ತಂತಿಯನ್ನೋ ನೋಡಬೇಕು. ಅದರ ಮೊದಲು ಚಾಲಕನ ಬದಿಯಲ್ಲಿರುವ ಕಿಟಕಿ ಲಾಕ್ ಗುಂಡಿಯನ್ನು ಗಮನಿಸಿ. ಅದು ಒತ್ತಿಕೊಂಡಿದ್ದರೆ ಉಳಿದ ಬಾಗಿಲುಗಳ ಗುಂಡಿಗಳು ಕೆಲಸ ಮಾಡುವುದಿಲ್ಲ. ಅದು ದೋಷವಲ್ಲ, ರಕ್ಷಣೆ.

ಮೂರನೆಯದು ಕಿವಿಯ ಪರೀಕ್ಷೆ. ಗುಂಡಿ ಒತ್ತಿದಾಗ ಬಾಗಿಲೊಳಗೆ ‘ಗುಂಯ್’ ಎಂಬ ಸದ್ದಿದ್ದು ಗಾಜು ಮಾತ್ರ ನಿಂತಿದ್ದರೆ ಮೋಟಾರು ತಿರುಗುತ್ತಿದೆ. ಮಷಿನ್ನಿನ ಕೇಬಲ್ಲೋ ಹಲ್ಲೋ ಮುರಿದಿದೆ. ಸದ್ದೇ ಇಲ್ಲದಿದ್ದರೆ ವಿದ್ಯುತ್ತಿನ ಹಾದಿಯನ್ನು ಶಂಕಿಸಬೇಕು. ಬಾಗಿಲಿಗೆ ಅಂಗೈಯಿಂದ ಮೆಲ್ಲಗೆ ತಟ್ಟಿದಾಗ ಗಾಜು ಚಲಿಸಿದರೆ ಮೋಟಾರಿನೊಳಗಿನ ಇಂಗಾಲದ ಬ್ರಶ್ಶುಗಳು ಸವೆದಿರುವ ಸಂಭವ ಹೆಚ್ಚು.

ಇಷ್ಟಾದ ಮೇಲೆ ಡೋರ್ ಪ್ಯಾಡ್ ಬಿಚ್ಚಬೇಕು. ಮೋಟಾರಿಗೆ ಬರುವ ಎರಡು ತಂತಿಗಳಿಗೆ ಮಲ್ಟಿಮೀಟರ್ ಹಿಡಿದು ಗುಂಡಿ ಒತ್ತಿದರೆ ಸುಮಾರು 12 ವೋಲ್ಟ್ ತೋರಿಸಬೇಕು. ಇನ್ನೊಂದು ದಿಕ್ಕಿಗೆ ಒತ್ತಿದಾಗ ಅದೇ ಅಂಕಿ ಋಣ ಚಿಹ್ನೆಯೊಡನೆ ಬರಬೇಕು. 12 ವೋಲ್ಟ್ ಬಂದರೂ ಮೋಟಾರು ತಿರುಗದಿದ್ದರೆ, ಆಗ ಮಾತ್ರ ಮೋಟಾರಿನ ಮೇಲೆ ತಪ್ಪು ಹೊರಿಸಬಹುದು.

ಇಲ್ಲೊಂದು ಸೂಕ್ಷ್ಮವಿದೆ. ಮೋಟಾರನ್ನು ಬಿಚ್ಚಿಟ್ಟು ಅಳೆದರೆ ಹಾಳಾದ ತಂತಿಯೂ 12 ವೋಲ್ಟ್ ತೋರಿಸಿ ವಂಚಿಸಬಹುದು. ಜೋಡಿಸಿರುವಾಗಲೇ ಅಳೆಯಬೇಕು. ಪ್ರೌಢಶಾಲೆಯಲ್ಲಿ ಕಲಿತ ಓಮ್‌ನ ನಿಯಮವನ್ನು ನೆನೆಯಿರಿ. ತುಕ್ಕು ಹಿಡಿದ ಜೋಡಣೆಯಲ್ಲಿ 0.6 ಓಮ್ ರೋಧವಿದ್ದು, ಮೋಟಾರು 5 ಆಂಪಿಯರ್ ಎಳೆಯುತ್ತಿದ್ದರೆ ಅಲ್ಲಿಯೇ 3 ವೋಲ್ಟ್ ನಷ್ಟ. ಮೋಟಾರಿಗೆ ಉಳಿಯುವುದು 9 ವೋಲ್ಟ್. ವಿದ್ಯುತ್ತು ಹರಿಯದಿದ್ದಾಗ ಈ ನಷ್ಟ ಕಾಣುವುದೇ ಇಲ್ಲ! ಪರೀಕ್ಷೆಯಲ್ಲಿ ಎರಡು ಅಂಕದ ಲೆಕ್ಕವಾಗಿದ್ದದ್ದು ಇಲ್ಲಿ ಒಂದು ಮನೆಯ ಹಣ ಉಳಿಸುತ್ತದೆ.

ತಂತಿ ತುಂಡಾಗುವುದು ಎಲ್ಲಿ? ಬಾಗಿಲಿಗೂ ಕಾರಿನ ಒಡಲಿಗೂ ನಡುವೆ, ಕೀಲಿನ ಬಳಿಯ ರಬ್ಬರ್ ಕೊಳವೆಯೊಳಗೆ ನೋಡಬೇಕು. ಬಾಗಿಲು ತೆರೆದಾಗಲೆಲ್ಲ ತಂತಿಗಳು ಅಲ್ಲಿ ಬಾಗುತ್ತವೆ. ಬೈಲಹೊಂಗಲದ ಪೇಟೆಯಲ್ಲಿ ಓಡಾಡುವ ಕಾರಿನ ಬಾಗಿಲು ದಿನಕ್ಕೆ 20 ಸಲ ತೆರೆದರೂ ಹತ್ತು ವರ್ಷಕ್ಕೆ 73,000 ಸಲವಾಯಿತು. ಮೇಲಿನ ಪ್ಲಾಸ್ಟಿಕ್ ಹೊದಿಕೆ ಚೆನ್ನಾಗಿಯೇ ಕಾಣುತ್ತದೆ. ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಕಡಿದಿರುತ್ತವೆ. ಬಾಗಿಲು ಒಂದು ಕೋನದಲ್ಲಿದ್ದಾಗ ಕಿಟಕಿ ಕೆಲಸ ಮಾಡಿ, ಇನ್ನೊಂದು ಕೋನದಲ್ಲಿ ಮಾಡದಿದ್ದರೆ ಈ ಕೊಳವೆಯನ್ನೇ ಮೊದಲು ಬಿಚ್ಚಿ.

ಮುಂದಿನ ಶತ್ರು ನೀರು. ಗಾಜಿನ ಮೇಲೆ ಬಿದ್ದ ಮಳೆನೀರು ಬಾಗಿಲೊಳಗೆ ಇಳಿಯುವುದು ಸಹಜ. ಅದು ಹೊರಹೋಗಲೆಂದೇ ಬಾಗಿಲಿನ ತಳದಲ್ಲಿ ಸಣ್ಣ ರಂಧ್ರಗಳಿವೆ. ಎರೆಮಣ್ಣಿನ ಕೆಸರು ಅವುಗಳನ್ನು ಮುಚ್ಚಿದರೆ ನೀರು ಒಳಗೇ ನಿಂತು ತುಕ್ಕು ಹಿಡಿಸುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗಕ್ಕೂ ಸುತ್ತಲಿನ ಹಳ್ಳಿಗಳಿಗೂ ನುಗ್ಗಿತ್ತು. ಅಂಥ ನೆರೆಯಲ್ಲಿ ಮುಳುಗಿದ ಕಾರು ಒಣಗಿದ ಮೇಲೆ ಚೆನ್ನಾಗಿ ಓಡಬಹುದು. ಆದರೆ ಕನೆಕ್ಟರುಗಳ ಪಿನ್ನುಗಳಲ್ಲಿ ಹಸಿರು ಕಿಲುಬು ನಿಧಾನವಾಗಿ ಬೆಳೆಯುತ್ತಿರುತ್ತದೆ. ಡೋರ್ ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆಯೂ ನೀರು ತಡೆಯಲಿಕ್ಕೇ ಇದೆ. ರಿಪೇರಿಯಾದ ಮೇಲೆ ಅದನ್ನು ಹರಿದು ಎಸೆಯದೆ ಮೊದಲಿನಂತೆ ಅಂಟಿಸಬೇಕು.

ಕೆಲವೊಮ್ಮೆ ಯಾವ ಭಾಗವೂ ಕೆಟ್ಟಿರುವುದಿಲ್ಲ. ಗಾಜು ಜಾರುವ ರಬ್ಬರ್ ಬೀಡಿಂಗಿನಲ್ಲಿ ಧೂಳು ಗಟ್ಟಿಯಾಗಿ ಕುಳಿತು ಗಾಜು ತೇಕುತ್ತಾ ಏರುತ್ತದೆ. ಗುಡ್ಡದ ಜಾತ್ರೆಯಿಂದ ಮರಳಿದ ಕಾರಿಗೆ ಒದ್ದೆ ಬಟ್ಟೆಯಿಂದ ಬೀಡಿಂಗ್ ಒರೆಸಿ, ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆದರೆ ಸಾಕಾಗಬಹುದು. ಎಂಜಿನ್ ಎಣ್ಣೆ, ಗ್ರೀಸು ಬೇಡ. ಅವು ರಬ್ಬರನ್ನು ಉಬ್ಬಿಸುತ್ತವೆ, ಧೂಳನ್ನು ಇನ್ನಷ್ಟು ಹಿಡಿಯುತ್ತವೆ. ಮಕ್ಕಳು ಒಂದೇ ಸಮನೆ ಗಾಜು ಏರಿಸಿ ಇಳಿಸಿದಾಗ ಮೋಟಾರು ನಿಂತರೂ ಗಾಬರಿಯಾಗಬೇಕಿಲ್ಲ. ಬಿಸಿಯಾದಾಗ ತಾನೇ ನಿಲ್ಲುವ ಏರ್ಪಾಡು ಅನೇಕ ಮೋಟಾರುಗಳಲ್ಲಿದೆ. ಕೆಲವು ನಿಮಿಷ ಬಿಟ್ಟರೆ ಮತ್ತೆ ತಿರುಗುತ್ತದೆ.

ಆದರೆ ಆ ಆಟವನ್ನು ಪಾಲಕರು ತಡೆಯಲೇಬೇಕು. ಗಾಜನ್ನು ಎತ್ತುವ ಬಲಕ್ಕೆ ಮಗುವಿನ ಕೈ, ಕುತ್ತಿಗೆ ಎಂಬ ಭೇದ ತಿಳಿಯದು. ಕಿಟಕಿಯಲ್ಲಿ ಇಣುಕುವ ಮಗು ಮೊಣಕಾಲೂರಿದಾಗ ಗಾಜು ಏರಬಾರದು. ಗುಂಡಿಯ ವಿನ್ಯಾಸ ಹಾಗಿರಬೇಕೆಂದು ಅಮೆರಿಕದಲ್ಲಿ 2004ರಲ್ಲಿ ನಿಯಮವನ್ನೇ ಮಾಡಲಾಯಿತು. ಅಡ್ಡ ಸಿಕ್ಕರೆ ತಾನೇ ಇಳಿಯುವ ಗಾಜು ಎಲ್ಲ ಕಾರುಗಳಲ್ಲೂ ಇರುವುದಿಲ್ಲ. ಹಿಂದೆ ಮಕ್ಕಳು ಕುಳಿತಿದ್ದರೆ ಲಾಕ್ ಗುಂಡಿ ಒತ್ತಿರಲಿ. ಇಳಿಯುವಾಗ ಕೀಲಿಯೂ ಮಕ್ಕಳೂ ಕಾರಿನೊಳಗೆ ಉಳಿಯದಿರಲಿ. ರಿಪೇರಿಯಲ್ಲೂ ಅಷ್ಟೇ ಎಚ್ಚರ ಬೇಕು. ಬಾಗಿಲೊಳಗೆ ಕೈ ಹಾಕುವ ಮುನ್ನ ಫ್ಯೂಸು ಕಿತ್ತಿಡಬೇಕು, ಗಾಜು ಜಾರದಂತೆ ಟೇಪಿನಿಂದ ಬಿಗಿಯಬೇಕು. ಬಾಗಿಲಿನಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಕಲಿಯುವವರು ಕೈ ಹಾಕಬಾರದು.

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದಾಗ “ಓದಾಕ ಬರಂಗಿಲ್ಲಂದ್ರ ಐ.ಟಿ.ಐ.ಗೆ ಹಾಕ್ರಿ” ಎಂಬ ಮಾತು ಮನೆಮನೆಯಲ್ಲಿ ಕೇಳುತ್ತದೆ. ಮೇಲೆ ಹೇಳಿದ ಹುಡುಕಾಟವನ್ನು ನೋಡಿದವರು ಹಾಗೆನ್ನಲಾರರು. ಲಕ್ಷಣ ಕಂಡು, ಕಾರಣಗಳನ್ನು ಪಟ್ಟಿ ಮಾಡಿ, ಒಂದೊಂದನ್ನೇ ಅಳೆದು ತಳ್ಳಿಹಾಕುವುದು ವೈದ್ಯನ ಬುದ್ಧಿ. ಐ.ಟಿ.ಐ.ಯಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ತರಬೇತಿ ಎರಡು ವರ್ಷದ್ದು; ಅದಾದ ಮೇಲೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಸೇರುವ ದಾರಿಯೂ ಇದೆ. ರಾಜ್ಯದ 150 ಸರಕಾರಿ ಐ.ಟಿ.ಐ.ಗಳು ಹೊಸ ಯಂತ್ರಗಳೊಡನೆ ಮೇಲ್ದರ್ಜೆಗೇರಿ 2022ರಲ್ಲಿ ಉದ್ಘಾಟನೆಯಾದವು. ಯಂತ್ರ ಹೊಸದಾದರೂ ಹುಡುಕುವ ಕ್ರಮ ಹಳೆಯದೇ.

ಕಲಿಯುವ ಹುಡುಗ ಹುಡುಗಿಯರು ಒಂದು ನೋಟ್‌ಬುಕ್ ಇಟ್ಟುಕೊಳ್ಳಲಿ. ಏನು ಕಂಡಿತು, ಏನು ಅಳೆಯಲಾಯಿತು, ಕೊನೆಗೆ ಏನು ಸಿಕ್ಕಿತು ಎಂದು ಮೂರು ಸಾಲು ಬರೆದರೆ ಸಾಕು. ಪಾಲಕರು ಗ್ಯಾರೇಜಿನಲ್ಲಿ ಬಿಲ್ ಕೊಡುವ ಮುನ್ನ “ಎಷ್ಟಾತ್ರಿ?” ಎನ್ನುವುದರ ಜೊತೆಗೆ “ಹೆಂಗ ಗೊತ್ತಾತ್ರಿ?” ಎಂದೂ ಕೇಳಲಿ. ಹುಡುಕಿ ಸರಿಪಡಿಸಿದವರು ಸಂತೋಷದಿಂದಲೇ ವಿವರಿಸುತ್ತಾರೆ.