145 ಓಟು ಅಂದರೆ ಮೂರು ಬಸ್ಸು ಜನ

ಶ್ರೀಮಂಗಲ ಪೇಟೆಯಲ್ಲಿ ರಾಜಕೀಯಕ್ಕೇನೂ ಬರವಿಲ್ಲ. ಬೆಳಗಿನ ಬಸ್ಸು ಕುಟ್ಟದ ಕಡೆಗೆ ಹೊರಡುವ ಮೊದಲೇ ಹೋಟೆಲಿನ ಬೆಂಚಿನ ಮೇಲೆ ಒಂದು ಸರ್ಕಾರ ಬಿದ್ದು ಇನ್ನೊಂದು ಎದ್ದಿರುತ್ತದೆ. ಕಾಫಿ ರೇಟು, ಆನೆ ಕಾಟ, ರಸ್ತೆ ಗುಂಡಿ ಎಲ್ಲಕ್ಕೂ ಅಲ್ಲಿಯೇ ತೀರ್ಪು. ಯಾವ ಅಂಗಡಿಯವರು ಯಾವ ಪಾರ್ಟಿ ಎಂಬುದು ಗಿರಾಕಿಗಳಿಗೆಲ್ಲ ಬಾಯಿಪಾಠ. "ಈ ಪೇಟೆ ನಮ್ಮದೇ ಬಿಡಿ ಮಾರಾಯ್ರೆ" ಎಂದು ಎರಡೂ ಪಕ್ಷದವರು ಹೇಳುತ್ತಾರೆ. ತಮಾಷೆಯೆಂದರೆ ಹಾಗೆ ಹೇಳುವವರಲ್ಲೇ ಕೆಲವರು ಮತದಾನದ ದಿನ ಮಧ್ಯಾಹ್ನವಾದರೂ ಮನೆಯಿಂದ ಹೊರಬೀಳುವುದಿಲ್ಲ. ಹೇಗೂ ಗೆಲ್ಲುವುದು ನಮ್ಮವರೇ ಎಂದ ಮೇಲೆ ಬಿಸಿಲಲ್ಲಿ ಕ್ಯೂ ಯಾಕೆ?

ಈ ಧೈರ್ಯ ಎಲ್ಲಿಂದ ಬಂತೋ ತಿಳಿಯದು. 2008ರಲ್ಲಿ ವಿರಾಜಪೇಟೆ ಕ್ಷೇತ್ರದಲ್ಲಿ ಬಿ.ಜೆ.ಪಿ.ಯ ಕೆ.ಜಿ. ಬೋಪಯ್ಯನವರು ಕಾಂಗ್ರೆಸ್ಸಿನ ವೀಣಾ ಅಚ್ಚಯ್ಯನವರ ಎದುರು ಗೆದ್ದದ್ದು 145 ಓಟುಗಳಿಂದ. ಲೆಕ್ಕ ಹಾಕಿದರೆ ಮೂರು ಬಸ್ಸು ಜನ! ಗೆದ್ದವರು ಮುಂದೆ ವಿಧಾನಸಭೆಯ ಸ್ಪೀಕರ್ ಆದರು. 2018ರಲ್ಲಿ ಅದೇ ಬೋಪಯ್ಯನವರಿಗೆ ಹದಿಮೂರು ಸಾವಿರಕ್ಕೂ ಮೀರಿದ ಲೀಡ್ ಸಿಕ್ಕಿತು. ಕ್ಷೇತ್ರ ಇನ್ನು ಅಲುಗಾಡದು ಎಂದವರೇ ಹೆಚ್ಚು. ಐದೇ ವರ್ಷ. 2023ರ ಮೇನಲ್ಲಿ ಕಾಂಗ್ರೆಸ್ಸಿನ ಎ.ಎಸ್. ಪೊನ್ನಣ್ಣನವರು ನಾಲ್ಕು ಸಾವಿರ ಚಿಲ್ಲರೆ ಓಟಿನಿಂದ ಗೆದ್ದು ಬಂದರು. ಹಾಗಾದರೆ ಒಲವು ಯಾರ ಕಡೆಗಿತ್ತು?

ಹಳಬರನ್ನು ಕೇಳಿದರೆ ಇನ್ನೂ ಹಿಂದಿನದು ಹೇಳುತ್ತಾರೆ. 1952ರಲ್ಲಿ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ ಇಲ್ಲಿ ಜನ ಹಂಚಿಹೋಗಿದ್ದದ್ದು ಮೈಸೂರಿಗೆ ಸೇರಬೇಕೋ ಬೇಡವೋ ಎಂಬ ಪ್ರಶ್ನೆಯ ಮೇಲೆ. 24 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 15. ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿಯಾದರು, ಪಂದ್ಯಂಡ ಬೆಳ್ಯಪ್ಪನವರು ಎದುರು ನಿಂತರು. 1956ರ ನವೆಂಬರ್ 1ಕ್ಕೆ ಆ ರಾಜ್ಯವೂ ಮುಗಿಯಿತು, ಆ ಪಂಗಡಗಳೂ ಕರಗಿದವು. ಇನ್ನು ಈಗಿನ ಬಣ್ಣಗಳ ಗ್ಯಾರಂಟಿ ಯಾರು ಕೊಡುತ್ತಾರೆ?

ಬೆಂಗಳೂರಿನ ಬಡಾವಣೆಗಳ ಕತೆ ಬೇರೆ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಲ್ಲಿ ಓಟು ಹಾಕಿದವರು ನೂರಕ್ಕೆ ಸುಮಾರು 53 ಮಂದಿ. ಮೈಸೂರು-ಕೊಡಗಿನಲ್ಲಿ 70 ದಾಟಿತು. ಓಟಿನ ದಿನ ಶನಿವಾರ, ಭಾನುವಾರದ ಪಕ್ಕಕ್ಕೆ ಬಿದ್ದರೆ ರಾಜಧಾನಿಯ ಮತದಾರ ಪ್ರಭುಗಳು ಕಾರು ಹತ್ತಿ ಇತ್ತ ಹೋಂಸ್ಟೇ ಕಡೆಗೆ ಬರುತ್ತಾರೆ. ಆ ಕಾಟಕ್ಕೇ ಚುನಾವಣಾ ಆಯೋಗ 2023ರಲ್ಲಿ ಬೇಕೆಂದೇ ಬುಧವಾರ ಗೊತ್ತು ಮಾಡಿತು. ಆದರೆ ಅವರನ್ನು ನೋಡಿ ನಗುವ ಮುಂಚೆ ಶ್ರೀಮಂಗಲದವರು ತಮ್ಮ ಮನೆ ಮಕ್ಕಳನ್ನೂ ಎಣಿಸಬೇಕು. ಹೆಸರು ಇಲ್ಲಿಯ ಪಟ್ಟಿಯಲ್ಲಿ, ಮನೆ-ಕೆಲಸ ಬೆಂಗಳೂರಿನಲ್ಲಿ. ಫೋನಿನಲ್ಲಿ ಪಾರ್ಟಿ ಪರ ದಿನವೂ ವಾದ, ಓಟಿಗೆ ಮಾತ್ರ "ರಜೆ ಸಿಗಲಿಲ್ಲ ಅಪ್ಪ". ಅಂಥವರ ಒಲವು ಎಷ್ಟು ಗಟ್ಟಿಯಿದ್ದರೇನು, ಪೆಟ್ಟಿಗೆಗೆ ಬೀಳುವುದಿಲ್ಲವಲ್ಲ! ಅಲ್ಲೂ ಇಲ್ಲೂ ಎರಡು ಕಡೆ ಹೆಸರು ಇಟ್ಟುಕೊಂಡವರದು ಇನ್ನೊಂದು ಫಜೀತಿ. ಕಾನೂನು ಅದನ್ನು ಒಪ್ಪುವುದಿಲ್ಲ. ಸುಳ್ಳು ಬರೆದುಕೊಟ್ಟರೆ ಒಂದು ವರ್ಷದವರೆಗೆ ಜೈಲೂ ಉಂಟು.

ರಜೆಯ ವಿಷಯ ಬಂತು. ಅಂಗಡಿ ಮಾಲೀಕರು ಇದನ್ನು ಸ್ವಲ್ಪ ಕಿವಿಗೊಟ್ಟು ಕೇಳಬೇಕು. ಮತದಾನದ ದಿನ ಮತದಾರನಾದ ಕೆಲಸದವನಿಗೆ ಸಂಬಳ ಕಡಿಯದೆ ರಜೆ ಕೊಡಬೇಕೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135-ಬಿ ಕಲಮು ಹೇಳುತ್ತದೆ. ದಿನಗೂಲಿಯವನಿಗೂ ಅಷ್ಟೆ. ಕೊಡದ ಯಜಮಾನನಿಗೆ ದಂಡ ಐನೂರು ರೂಪಾಯಿವರೆಗೆ. ಐನೂರಕ್ಕೆ ಯಾರು ಹೆದರುತ್ತಾರೆ ಎನ್ನಬಹುದು. ಹೆದರುವುದಿಲ್ಲ ಎಂಬುದೇ ತೊಂದರೆ. ತೋಟದ ಲೈನ್ ಮನೆಯ ಆಳಿಗೆ ಅವತ್ತಿನ ಕೂಲಿ ಹೋದರೆ ಅವನ ಮನೆಯಲ್ಲಿ ಒಲೆಯ ಲೆಕ್ಕವೇ ತಪ್ಪುತ್ತದೆ. ಕೂಲಿಯೋ ಓಟೋ ಎಂದು ಅವನನ್ನು ಕೇಳುವುದೇ ತಪ್ಪು.

ಬಸ್ಸಿನದು ಮತ್ತೊಂದು ರಗಳೆ. ಮತಗಟ್ಟೆ ಸಿಬ್ಬಂದಿಯನ್ನು ಹೊತ್ತೊಯ್ಯಲು ಸರ್ಕಾರಿ ಬಸ್ಸುಗಳು ಹೋಗುತ್ತವೆ, ಊರಿನ ರೂಟಿನಲ್ಲಿ ಗಾಡಿ ಕಡಿಮೆ. ಓಟಿಗೆಂದು ಊರಿಗೆ ಬರುವವನು ನಿಲ್ದಾಣದಲ್ಲೇ ಕಾಯುತ್ತಾನೆ. ಆಗ ಹಾಡಿಯ ಬಾಗಿಲಿಗೆ ಪುಢಾರಿಯ ಜೀಪು ಬಂದು ನಿಂತರೆ ಹತ್ತುವವರನ್ನು ದೂರಿ ಫಲವೇನು? ಅಭ್ಯರ್ಥಿಯ ಕಡೆಯವರು ಗಾಡಿ ಮಾಡಿ ಮತದಾರರನ್ನು ಸಾಗಿಸುವುದು ಭ್ರಷ್ಟಾಚಾರವೆಂದು ಅದೇ ಕಾಯ್ದೆ ಹೇಳುತ್ತದೆ. ಬಸ್ಸು ಕಿತ್ತುಕೊಂಡು ಜೀಪಿಗೆ ದಾರಿ ಮಾಡಿಕೊಡುವ ಬದಲು ಜಿಲ್ಲಾಡಳಿತ ಬಿರುನಾಣಿ, ಟಿ. ಶೆಟ್ಟಿಗೇರಿ, ಕುಟ್ಟದ ಕಡೆಗೆ ಬೆಳಿಗ್ಗೆ ಎರಡು, ಸಂಜೆ ಎರಡು ಬಸ್ಸನ್ನಾದರೂ ತಪ್ಪದೆ ಓಡಿಸಲಿ. ಇದಕ್ಕೆ ವಿಧಾನಸೌಧದ ಅಪ್ಪಣೆ ಬೇಕಾಗಿಲ್ಲ.

ಇನ್ನುಳಿದದ್ದು ಪಟ್ಟಿ. ಓಟಿನ ದಿನ ಬಂದು "ನನ್ನ ಹೆಸರೆಲ್ಲಿ?" ಎಂದು ಜಗಳ ತೆಗೆದರೆ ಮತಗಟ್ಟೆಯ ಮೇಷ್ಟ್ರು ಏನು ಮಾಡಿಯಾರು? ಹದಿನೆಂಟು ತುಂಬಿದವರಿಗೆ ನಮೂನೆ 6, ಮನೆ ಬದಲಾಯಿಸಿದವರಿಗೆ 8, ಸತ್ತವರ ಹೆಸರು ತೆಗೆಸಲು 7. ಬಿ.ಎಲ್.ಒ. ಊರಿನವರೇ, ಸಾಮಾನ್ಯವಾಗಿ ಅಂಗನವಾಡಿಯವರೋ ಶಾಲೆಯವರೋ ಆಗಿರುತ್ತಾರೆ. ಹೋಟೆಲಿನ ಬೆಂಚಿನ ಮಂತ್ರಿಮಂಡಲ ಒಂದು ಸಂಜೆ ಸರ್ಕಾರ ಬೀಳಿಸುವುದನ್ನು ಬಿಟ್ಟು, ಆ ಪಟ್ಟಿಯನ್ನು ತರಿಸಿಕೊಂಡು ತಮ್ಮ ಬೀದಿಯ ಹೆಸರುಗಳನ್ನು ಒಂದೊಂದಾಗಿ ಓದಲಿ. ಯಾರು ಊರಲ್ಲಿದ್ದಾರೆ, ಯಾರು ಬೆಂಗಳೂರಲ್ಲಿದ್ದಾರೆ, ಯಾರು ತೀರಿಹೋಗಿ ಎಷ್ಟು ವರ್ಷವಾಯಿತು ಎಂಬುದು ಅವರಿಗಿಂತ ಚೆನ್ನಾಗಿ ತಾಲ್ಲೂಕು ಕಚೇರಿಗೆ ಗೊತ್ತಿಲ್ಲ.