ಕಾರ್ಡು ಆಮೇಲೆ, ಕಣ್ಣು ಮೊದಲು

"ಸಾಹೇಬ್ರ, ಇವಂಗ ದಿನಾ ಸಂಜಿಮುಂದ ತಲಿನೋವು. ಆ ಕಂಪ್ಯೂಟರ್ ಮಾರಿಬಿಟ್ರ ಎಲ್ಲಾ ನೆಟ್ಟಗಾಗತೈತಿ ಅಂತೀನಿ ನಾ. ಇಂವ ನೋಡಿದ್ರ ಇನ್ನೂ ಹದಿನೈದ ಸಾವಿರ ಕೊಡು, ಹೊಸಾ ಕಾರ್ಡ್ ಹಾಕಸ್ತೀನಿ ಅಂತಾನ."

ಶಿಗ್ಲಿಯ ನೇಕಾರರೊಬ್ಬರು ಕಾಲೇಜು ಓದುವ ಮಗನನ್ನು ಮುಂದೆ ಕೂರಿಸಿಕೊಂಡು ಹೀಗೆ ಹೇಳಿದಾಗ, ನ್ಯಾಯ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹುಡುಗ ತಲೆ ತಗ್ಗಿಸಿ, "ಸರ್, ಗೇಮ್ ತಡೆದು ತಡೆದು ಓಡುತ್ತದೆ, ಅದಕ್ಕೇ ತಲೆನೋವು" ಎಂದ. ಇಬ್ಬರದೂ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕಣ್ಣು ಪರೀಕ್ಷಿಸಿದರೆ ಬಲಗಣ್ಣಿಗೆ ಮೈನಸ್ ಒಂದೂಕಾಲು, ಎಡಗಣ್ಣಿಗೆ ಮೈನಸ್ ಮುಕ್ಕಾಲು. ಇಷ್ಟು ವರ್ಷ ಯಾರೂ ನೋಡಿರಲಿಲ್ಲ. ದೂರದ್ದು ಮಸುಕಾಗಿ ಕಾಣುವವನು ಪರದೆಗೆ ಹತ್ತಿರ ಸರಿಯುತ್ತಲೇ ಹೋಗುತ್ತಾನೆ, ಕುತ್ತಿಗೆ ಮುಂದೆ ಚಾಚುತ್ತದೆ, ಸಂಜೆಗೆ ಹಣೆ ಸಿಡಿಯುತ್ತದೆ.

ಮುಂದೆ ಆ ಊರಿಗೆ ಹೋಗುವ ಸಂದರ್ಭ ಬಂದಾಗ ಅವರ ಮನೆಗೂ ಹೋದೆ. ಮಗ್ಗದ ಕೋಣೆಯ ಪಕ್ಕದ ಪಡಸಾಲೆಯಲ್ಲಿ ಕಂಪ್ಯೂಟರ್. ಯಾವುದೋ ಕಚೇರಿಯಲ್ಲಿ ದುಡಿದು ಸೆಕೆಂಡ್ ಹ್ಯಾಂಡಿನಲ್ಲಿ ಬಂದದ್ದು, 2013ರ ಕಾಲದ ಪ್ರೊಸೆಸರ್. ಹದಿನೆಂಟೂವರೆ ಇಂಚಿನ ಹಳೆಯ ಮಾನಿಟರ್, ಅದರ ಬೆನ್ನಿಗೇ ಕಿಟಕಿ. ಸಂಜೆಯ ಬಿಸಿಲು ನೇರ ಹುಡುಗನ ಮುಖಕ್ಕೆ. ಪೆಟ್ಟಿಗೆಯ ಮುಚ್ಚಳ ತೆಗೆಸಿದೆ. ಒಳಗಿನ ಫ್ಯಾನಿಗೆ ನೂಲಿನ ದೂಳು ಕಂಬಳಿ ಹೊದಿಸಿದಂತೆ ಕೂತಿತ್ತು. ಮಗ್ಗವಿರುವ ಮನೆಯಲ್ಲಿ ಇದು ಸಹಜ. ಆದರೆ ಯಂತ್ರ ಕಾದು ತಾನೇ ವೇಗ ತಗ್ಗಿಸಿಕೊಂಡಾಗ "ಕಾರ್ಡು ಹಳೆಯದಾಯಿತು" ಎಂದು ದೂರುವುದು ತಪ್ಪು. ಪ್ಲಗ್ ಕಿತ್ತು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಫ್ಯಾನು ಗಿರಗಿರ ತಿರುಗದಂತೆ ಬೆರಳಿನಿಂದ ಹಿಡಿದು ಮೆತ್ತನೆಯ ಬ್ರಷ್ಷಿನಿಂದ ದೂಳು ತೆಗೆಯಿರಿ. ಖರ್ಚಿಲ್ಲದ ಚಿಕಿತ್ಸೆ, ಮೊದಲು ಇದಾಗಲಿ.

ಈಗ ಹಣದ ಮಾತು. ಇಂಥ ಮನೆಯಲ್ಲಿ ಎರಡನ್ನೂ ಒಟ್ಟಿಗೆ ಕೊಳ್ಳುವ ಶಕ್ತಿ ಇರುವುದಿಲ್ಲ. ಹುಡುಗರು ಕಾರ್ಡು ಮೊದಲು ಎನ್ನುತ್ತಾರೆ. ಮಾನಿಟರ್ ಮೊದಲು ಎಂಬುದು ನನ್ನ ಖಚಿತ ಅಭಿಪ್ರಾಯ. ಇದು ಕೇವಲ ಕಣ್ಣಿನ ವೈದ್ಯನ ಹಟವಲ್ಲ. ಕಾರ್ಡಿನ ಕೆಲಸ ಎಷ್ಟೆಂಬುದನ್ನು ಗೊತ್ತುಮಾಡುವುದೇ ಪರದೆ. 1920 ಅಡ್ಡ, 1080 ಉದ್ದ ಚುಕ್ಕೆಗಳ ಪರದೆಯಲ್ಲಿ ಸುಮಾರು 20 ಲಕ್ಷ 73 ಸಾವಿರ ಚುಕ್ಕೆಗಳಿವೆ. 4ಕೆ ಎಂಬ ಪರದೆಯಲ್ಲಿ ಅದರ ನಾಲ್ಕು ಪಟ್ಟು. ದೊಡ್ಡ ಪರದೆಯ ಆಸೆಗೆ ಬಿದ್ದರೆ ಅದಕ್ಕೆ ತಕ್ಕ ಕಾರ್ಡು, ಆ ಕಾರ್ಡಿಗೆ ತಕ್ಕ ಪವರ್ ಸಪ್ಲೈ, ಕೊನೆಗೆ ಕಂಪ್ಯೂಟರೇ ಹೊಸದು ಬೇಕಾಗುತ್ತದೆ.

ಇನ್ನೊಂದು ಕಾರಣವೂ ಇದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2013ರ ಪ್ರೊಸೆಸರನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಆ ಪೆಟ್ಟಿಗೆಗೆ ಆಯುಷ್ಯ ಹೆಚ್ಚಿಲ್ಲ. ಒಳ್ಳೆಯ ಮಾನಿಟರ್ ಮಾತ್ರ ಮುಂದಿನ ಕಂಪ್ಯೂಟರಿಗೂ ಬರುತ್ತದೆ. ಮೇಲಾಗಿ ಅದನ್ನು ನೋಡುವವನು ಆಟವಾಡುವ ಮಗನೊಬ್ಬನೇ ಅಲ್ಲ. ತಂಗಿ ಪಾಠ ಕೇಳುತ್ತಾಳೆ, ತಾಯಿ ಸೀರೆಯ ಫೋಟೋ ಕಳಿಸುತ್ತಾರೆ, ತಂದೆ ಲೆಕ್ಕ ನೋಡುತ್ತಾರೆ.

ಮಾನಿಟರ್ ಎಂಥದಿರಬೇಕು? 24 ಇಂಚು, 1920 x 1080, ಐಪಿಎಸ್ ಪರದೆ ಸಾಕು. ಅಷ್ಟೇ ಚುಕ್ಕೆಗಳನ್ನು 27 ಇಂಚಿಗೆ ಹಿಗ್ಗಿಸಿದರೆ ಅಕ್ಷರಗಳ ಅಂಚು ಒರಟಾಗುತ್ತದೆ. ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ಪರದೆ ಆಟಕ್ಕೆ ನುಣುಪು ಕೊಡುತ್ತದೆ, ನಿಜ. ಆದರೆ ಕಾರ್ಡು ಅಷ್ಟು ಚಿತ್ರ ಬಿಡಿಸಲಾರದೆ ಹೋದರೆ ಆ ದುಡ್ಡು ದಂಡ. 75 ಅಥವಾ 100 ಇದ್ದರೆ ಬೇಕಾದಷ್ಟಾಯಿತು. ಇದಕ್ಕಿಂತ ಮುಖ್ಯವಾದದ್ದು ಪರದೆಯ ಹಿಂಬದಿ ಬೆಳಕಿನ ಮಿನುಗು. ಕೆಲವು ಅಗ್ಗದ ಮಾನಿಟರುಗಳು ಬೆಳಕು ತಗ್ಗಿಸಲು ದೀಪವನ್ನು ಬೇಗಬೇಗ ಆರಿಸಿ ಹೊತ್ತಿಸುತ್ತವೆ. ಕಣ್ಣಿಗೆ ಅದು ತಿಳಿಯುವುದಿಲ್ಲ, ಆದರೂ ಕೆಲವರಿಗೆ ತಲೆನೋವು ಬರುತ್ತದೆ. ಅಂಗಡಿಯಲ್ಲೇ ಪರೀಕ್ಷಿಸಿ. ಬೆಳಕನ್ನು ಕಾಲುಭಾಗಕ್ಕೆ ಇಳಿಸಿ, ಬಿಳಿ ಪರದೆಯ ಮುಂದೆ ಪೆನ್ಸಿಲನ್ನು ಬೀಸಣಿಗೆಯಂತೆ ಜೋರಾಗಿ ಆಡಿಸಿ. ನೆರಳು ಒಂದೇ ಸಮನೆ ಮಬ್ಬಾಗಿ ಕಂಡರೆ ಒಳ್ಳೆಯದು, ಒಂದರ ಪಕ್ಕ ಒಂದು ಬಿಡಿಬಿಡಿ ಪೆನ್ಸಿಲುಗಳು ಕಂಡರೆ ಮಿನುಗು ಇದೆ ಎಂದರ್ಥ. ಅಂಗಡಿಯವರು ನಿಮ್ಮನ್ನು ವಿಚಿತ್ರವಾಗಿ ನೋಡಬಹುದು, ನೋಡಲಿ. ಎತ್ತರ ಏರಿಳಿಸುವ ಸ್ಟ್ಯಾಂಡು ಸಿಕ್ಕರೆ ಬಿಡಬೇಡಿ.

ಅದರ ಜೊತೆಗೆ ನೀಲಿ ಬೆಳಕು ತಡೆಯುವ ಕನ್ನಡಕವನ್ನೂ ಕಟ್ಟಲು ನೋಡುತ್ತಾರೆ. ಅದಕ್ಕೆ ಹಣ ಹಾಕಬೇಡಿ. 2023ರ ಕಾಕ್ರನ್ ಪರಾಮರ್ಶೆಯಲ್ಲಿ, ಅಲ್ಪಾವಧಿಯಲ್ಲಿ ಆ ಗಾಜಿನಿಂದ ಕಣ್ಣಿನ ದಣಿವಿಗೆ ವಿಶೇಷ ಉಪಯೋಗ ಕಂಡುಬರಲಿಲ್ಲ. ಕಣ್ಣು ಉರಿಯುವುದು ಹೆಚ್ಚಾಗಿ ರೆಪ್ಪೆ ಬಡಿಯದೆ ನೋಡುವುದರಿಂದ. ನಿಮಿಷಕ್ಕೆ ಸುಮಾರು 15 ಸಲ ಬಡಿಯುವ ರೆಪ್ಪೆ ಪರದೆಯ ಮುಂದೆ ಅರ್ಧಕ್ಕೂ ಕೆಳಗಿಳಿಯಬಹುದು. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಸೆಕೆಂಡು ಇಪ್ಪತ್ತು ಅಡಿ ಆಚೆ ನೋಡುವುದು, ನಾಲ್ಕು ಸಲ ಪೂರ್ತಿ ಕಣ್ಣು ಮುಚ್ಚಿ ತೆರೆಯುವುದು, ಇದೇ ಔಷಧ. ಶಾಲೆಗೆ ಹೋಗುವ ಮಕ್ಕಳು ದಿನಕ್ಕೆ ಎರಡು ಗಂಟೆ ಬಯಲಿನ ಬೆಳಕಿನಲ್ಲಿದ್ದರೆ ದೂರದೃಷ್ಟಿ ಮಸುಕಾಗುವ ಸಂಭವವೂ ಕಡಿಮೆ.

ಕಾರ್ಡಿನ ವಿಷಯಕ್ಕೆ ಬರೋಣ. ಹಳೆಯ ಕಚೇರಿ ಪೆಟ್ಟಿಗೆಗಳ ಪವರ್ ಸಪ್ಲೈ ಚಿಕ್ಕದು, ಕಾರ್ಡಿಗೆ ಕೊಡಲು ಬೇರೆ ತಂತಿಯೇ ಇರುವುದಿಲ್ಲ. ಮದರ್‌ಬೋರ್ಡಿನ ಸ್ಲಾಟು ಕೊಡುವುದು 75 ವ್ಯಾಟ್. ಅಷ್ಟರಲ್ಲೇ ನಡೆಯುವ ಕಾರ್ಡು ಹುಡುಕಬೇಕು. 2019ರ ಜಿಟಿಎಕ್ಸ್ 1650ರಲ್ಲಿ ಬೇರೆ ತಂತಿ ಕೇಳದ ಮಾದರಿಗಳಿವೆ, ಕೇಳುವವೂ ಇವೆ, ನೋಡಿ ಕೊಳ್ಳಿ. 2024ರಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050 ಕಾರ್ಡಿಗೆ 70 ವ್ಯಾಟ್ ಸಾಕು. ಪೆಟ್ಟಿಗೆ ಸಣಕಲಾಗಿದ್ದರೆ ಗಿಡ್ಡ ಕಾರ್ಡೇ ಬೇಕು, ಅಳತೆ ಬರೆದುಕೊಂಡು ಹೋಗಿ. ಅಗ್ಗಕ್ಕೆ ಸಿಗುವ 2016ರ ಜಿಟಿಎಕ್ಸ್ 1050 ಟಿಐಗೆ ಹೊಸ ಆಟಗಳಿಗಾಗಿ ಡ್ರೈವರ್ ಬರುವುದು 2025ಕ್ಕೆ ನಿಂತಿದೆ. ಈಗಿನ ಕಾರ್ಡುಗಳಲ್ಲಿ ಹಳೆಯ ನೀಲಿ ವಿಜಿಎ ಕಿಂಡಿ ಸಾಮಾನ್ಯವಾಗಿ ಇರುವುದಿಲ್ಲ. ಕಾರ್ಡು ಮೊದಲು ತಂದವರು ಹಳೆಯ ಮಾನಿಟರಿಗೆ ಅದನ್ನು ಸಿಕ್ಕಿಸಲಾಗದೆ ಮತ್ತೆ ಅಂಗಡಿಗೆ ಓಡುವುದನ್ನು ಕಂಡಿದ್ದೇನೆ.

ಹೆಚ್ಚಿನ ಶಕ್ತಿಯ ಕಾರ್ಡೇ ಬೇಕೆಂದರೆ ಹೆಸರಿಲ್ಲದ ಅಗ್ಗದ ಪವರ್ ಸಪ್ಲೈ ಹಾಕಿಸಬೇಡಿ. ಮನೆಯ ಅರ್ಥಿಂಗನ್ನೂ ನೋಡಿಸಿ. ಪೆಟ್ಟಿಗೆ ಮುಟ್ಟಿದರೆ ಚುರುಕ್ ಎನ್ನುವುದನ್ನು ನಮ್ಮ ಮನೆಗಳಲ್ಲಿ ನಕ್ಕು ಬಿಟ್ಟುಬಿಡುತ್ತಾರೆ. ಹಸಿ ಕೈಯಲ್ಲಿ ಮುಟ್ಟಿದ ದಿನ ಅದು ನಗುವ ಮಾತಾಗಿರುವುದಿಲ್ಲ.

ಹೊಸ ಯಂತ್ರ ಕೊಟ್ಟರೆ ಮಗ ಆಟದಲ್ಲೇ ಮುಳುಗಿಹೋದಾನೆಂಬ ಭಯ ತಂದೆಗಿತ್ತು. ಆಟದ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ರೋಗಗಳ ಪಟ್ಟಿಗೆ ಸೇರಿಸಿದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ 'ಶಟ್' ಕ್ಲಿನಿಕ್ ಇದೆ. ಆದರೆ ಊಟ, ನಿದ್ದೆ, ಓದು, ಗೆಳೆಯರು ಎಲ್ಲವನ್ನೂ ತಿಂಗಳುಗಟ್ಟಲೆ ಬಿಟ್ಟು ಆಡುವವನಿಗೆ ಆ ಹೆಸರು. ಸಂಜೆ ಒಂದೂವರೆ ತಾಸು ಆಡುವವನಿಗಲ್ಲ. ಕಂಪ್ಯೂಟರ್ ಪಡಸಾಲೆಯಲ್ಲೇ ಇರಲಿ, ಮಲಗುವ ಒಂದು ತಾಸು ಮೊದಲು ಆರಲಿ ಎಂದೆ. ತಂದೆ ಒಪ್ಪಿದರು, ಮಗ ಮುಖ ಸಿಂಡರಿಸಿ ಒಪ್ಪಿದ.

ಮೊದಲು ಕನ್ನಡಕ ಬಂತು. ಮೇಜನ್ನು ತಿರುಗಿಸಿ ಕಿಟಕಿ ಪಕ್ಕಕ್ಕೆ ಬರುವಂತೆ ಮಾಡಿದರು. ಪರದೆ ಒಂದು ತೋಳಿನ ದೂರಕ್ಕೆ ಹೋಯಿತು, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ತುಸು ಕೆಳಗೆ. ಮೂರು ವಾರದಲ್ಲಿ ತಲೆನೋವು ಇಳಿಯಿತು. ಮಾನಿಟರ್ ತಂದರು. ಕಾರ್ಡು ಮುಂದಿನ ಸುಗ್ಗಿಗೆ ಎಂದು ತೀರ್ಮಾನವಾಗಿದೆಯಂತೆ, ದೂಳು ಹೋದ ಮೇಲೆ ಹಳೆಯ ಆಟಗಳು ಚೆನ್ನಾಗಿಯೇ ಓಡುತ್ತಿವೆ.

ಮೊನ್ನೆ ತೋರಿಸಲು ಬಂದಾಗ ಮಗನನ್ನು ಹೊರಗೆ ಕಳಿಸಿ ತಂದೆ ಕುರ್ಚಿಯಲ್ಲಿ ಕುಳಿತರು. "ಸಾಹೇಬ್ರ, ಆ ಹೊಸಾ ಪರದೆ ಮ್ಯಾಲಿನ ಲೆಕ್ಕಾನೂ ನನಗ ಮಸಕ ಕಾಣತೈತಿ. ಮಗ್ಗದಾಗ ಎಳಿ ಹರದ್ರ ಹುಡಕೂದೂ ತಡಾ ಆಗಾಕತ್ತೈತಿ. ನನ್ನ ಕಣ್ಣೂ ಒಂದೀಟು ನೋಡ್ರಿ." ನೋಡಿದೆ. ಪ್ಲಸ್ ಎರಡು.