ಎತ್ತಿ ಆಡಿಸಿದವಳ ಕೂಲಿ ಎಲ್ಲಿ?

ಶುಂಠಿ ಕೀಳುವ ದಿನಗಳಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಶಿಕಾರಿಪುರ, ಸೊರಬದ ಯಾವುದಾದರೂ ಹಳ್ಳಿಯ ಕ್ರಾಸಿನಲ್ಲಿ ನಿಂತು ನೋಡಿ. ನಮ್ಮ ಅವ್ವಂದಿರು, ಅಕ್ಕಂದಿರು ಗೂಡ್ಸ್ ಆಟೋಗಳಲ್ಲಿ ಕುರಿ ತುಂಬಿದ ಹಾಗೆ ತುಂಬಿಕೊಂಡು ಕೂಲಿಗೆ ಹೋಗುತ್ತಿರುತ್ತಾರೆ. ಭತ್ತದ ನಟ್ಟಿ, ಮೆಕ್ಕೆಜೋಳ ಮುರಿಯೋದು, ಅಡಿಕೆ ಸುಲಿಯೋದು, ಕಾಲ ಯಾವುದಾದರೂ ಆಟೋ ಅದೇ. ಬುತ್ತಿಗಂಟು ಕಾಣುತ್ತದೆ, ಕುಡುಗೋಲು ಕಾಣುತ್ತದೆ. ಕೂಸು ಮಾತ್ರ ಕಾಣುವುದಿಲ್ಲ. ಕೂಸನ್ನು ಎಲ್ಲಿ ಬಿಟ್ಟು ಬಂದೆ ತಾಯಿ ಎಂದು ಕೂಲಿ ಕೊಡುವ ಧಣಿ ಕೇಳುವುದಿಲ್ಲ. ಓಟು ಕೇಳಲು ಬಂದವನೂ ಕೇಳುವುದಿಲ್ಲ. ನಾವು ಕೇಳುತ್ತೇವೆ.

ಕೇಳುವ ಹಕ್ಕು ನಮಗಿದೆ, ಯಾಕೆಂದರೆ ಆ ಕೂಸು ನಾವೇ. ಬದುವಿನ ಮರಕ್ಕೆ ಹಳೇ ಸೀರೆಯ ಜೋಲಿ ಕಟ್ಟಿ ನಮ್ಮನ್ನು ಮಲಗಿಸಿದ್ದರು. ಸ್ವಲ್ಪ ಬಲಿತ ಮೇಲೆ ಅಕ್ಕನ ಸೊಂಟಕ್ಕೆ ಏರಿಸಿದರು. ಅಕ್ಕ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಳು. ಹಾಜರಿ ಪುಸ್ತಕದಲ್ಲಿ ಮೇಷ್ಟ್ರು ‘ಗೈರು’ ಎಂದು ಬರೆದರು. ಅವಳು ಗೈರಾಗಿರಲಿಲ್ಲ ಸ್ವಾಮೀ. ನಮ್ಮನ್ನು ಎತ್ತಿಕೊಂಡು ಅದೇ ಶಾಲೆಯ ಕಿಟಕಿಯ ಹೊರಗೆ ನಿಂತಿದ್ದಳು. ನಮ್ಮ ಮನೆಗೆ ಮೊದಲು ಬಂದ ಬಿ.ಎ. ಸರ್ಟಿಫಿಕೇಟು ನಮ್ಮ ಹೆಸರಿನದು. ಅದರ ಬೆಲೆ ಕಟ್ಟಿದವಳ ಹೆಸರು ಅದರಲ್ಲಿಲ್ಲ. ಇದನ್ನು ಓದುತ್ತಿರುವ ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಹಾಜರಿ ಪುಸ್ತಕ ತೆರೆದು ನೋಡಿ. ಗೈರಾದ ಹುಡುಗಿಯ ಸೊಂಟದ ಮೇಲೆ ಯಾರಿದ್ದಾರೆ?

ಅಕ್ಕ ಇಲ್ಲದ ಮನೆಯ ಕೂಸು ದೊಡ್ಡವ್ವನ ಅಂಗಳಕ್ಕೆ ಹೋಗುತ್ತದೆ. ಪ್ರತಿ ಕೇರಿಯಲ್ಲೂ, ಪ್ರತಿ ತಾಂಡಾದಲ್ಲೂ ಇಂಥ ಒಬ್ಬಳಿದ್ದಾಳೆ. ಏಳೆಂಟು ಕೂಸುಗಳ ಸಿಂಬಳ ಒರೆಸುತ್ತಾಳೆ, ಗಂಜಿ ಕುಡಿಸುತ್ತಾಳೆ, ಜ್ವರ ಬಂದರೆ ಹಣೆಗೆ ಬಟ್ಟೆ ಹಾಕುತ್ತಾಳೆ. ಸಂಬಳ? ಒಂದು ಸೇರು ಅಕ್ಕಿ, ನಾಲ್ಕು ಎಲೆ, ಎರಡು ಹೋಳು ಅಡಿಕೆ. ನಮ್ಮ ಕೇರಿಯ ದೊಡ್ಡವ್ವನಿಗೆ ಯಾರೋ ಬುದ್ಧಿ ಹೇಳಿದರು: ‘ಪ್ಯಾಟ್ಯಾಗ ಡೇ ಕೇರ್ ಅಂತ ಮಾಡಿ ತಿಂಗಳಾ ರೊಕ್ಕ ಎಣಸ್ತಾರ. ನೀನೂ ಮನ್ಯಾಗ ಲೈಸೆನ್ಸ್ ತಗಂಡು ಮಾಡು.’ ಅವಳು ನಂಬಿದಳು. ನಾವು ಅರ್ಜಿ ಬರೆದೆವು. ಒಂದು ಕಚೇರಿಯ ಮೇಜಿನ ಮುಂದೆ ನಿಂತೆವು.

‘ಮನೆ ಹಕ್ಕುಪತ್ರ ಇದೆಯಾ?’

‘ಅರ್ಜಿ ಹಾಕಿ ಭಾಳ ವರ್ಷ ಆತು ಸ್ವಾಮಿ.’

‘ಕಾಂಪೌಂಡ್?’

‘ಬೇಲಿ ಐತಿ.’

‘ಏನ್ ಓದಿದ್ದೀಯಮ್ಮಾ?’

‘ಓದಿಲ್ಲ ಸ್ವಾಮಿ. ಕೇರಿ ಮಕ್ಕಳನ್ನೆಲ್ಲಾ ಸಾಕೀನಿ.’

ಮೇಜಿನ ಆ ಕಡೆ ನಗು ಬಂತು. ದೊಡ್ಡವ್ವ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ಬಸ್ಸಿನಲ್ಲಿ ಒಂದೇ ಮಾತಾಡಿದಳು: ‘ಕೂಸು ಎಷ್ಟದಾವು ಅಂತ ಒಬ್ರೂ ಕೇಳ್ಲಿಲ್ಲ ನೋಡು.’

ನಿಯಮಗಳೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಮೂರರಿಂದ ಆರು ವರ್ಷದ ಮಕ್ಕಳ ಖಾಸಗಿ ಆಟದ ಶಾಲೆಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಮಾರ್ಗಸೂಚಿ ಬರೆದಿದೆ. 20 ಮಕ್ಕಳಿಗೆ ಒಬ್ಬ ಶಿಕ್ಷಕಿ, ಒಬ್ಬ ಆಯಾ, ಸುತ್ತು ಗೋಡೆ, ಗಾಳಿ ಬೆಳಕು, ಕುಡಿಯುವ ನೀರು, ಶೌಚಾಲಯ, ಮಲಗಲು ಜಾಗ, ಬೆಂಕಿಯಿಂದ ರಕ್ಷಣೆ. ಇದರಲ್ಲಿ ಯಾವುದು ನಮ್ಮ ಕೂಸಿಗೆ ಬೇಡ? ತೆರೆದ ಬಾವಿ, ಕೃಷಿಹೊಂಡ, ಹಾವು, ಒಲೆಯ ಬೆಂಕಿ ಇರುವುದು ನಮ್ಮ ಅಂಗಳದ ಪಕ್ಕದಲ್ಲೇ. ‘ಕೇರಿ ಮಕ್ಕಳಿಗೆ ಹೆಂಗಿದ್ರೂ ನಡೀತದೆ’ ಎನ್ನುವವರ ಜೊತೆ ನಾವಿಲ್ಲ. ನಮ್ಮ ತಕರಾರು ಬೇರೆ. ಗೋಡೆ ಇದ್ದವರಿಗೆ ಲೈಸೆನ್ಸು, ಗೋಡೆ ಇಲ್ಲದವಳಿಗೆ ಉಪದೇಶ, ಇದು ಯಾವ ನ್ಯಾಯ? ಗೋಡೆ ಕೇಳುವ ಸರ್ಕಾರ ಗೋಡೆ ಕಟ್ಟಿಸಿ ಕೊಡಲಿ. ಓದು ಕೇಳುವ ಸರ್ಕಾರ ಕೂಲಿ ಕೊಟ್ಟು ತರಬೇತಿ ಮಾಡಿಸಲಿ.

ಕಾನೂನಿನ ಚರಿತ್ರೆ ನೋಡಿ. 1948ರ ಕಾರ್ಖಾನೆ ಕಾಯ್ದೆ, 30ಕ್ಕಿಂತ ಹೆಚ್ಚು ಹೆಣ್ಣಾಳುಗಳಿದ್ದರೆ ಶಿಶುಪಾಲನೆಯ ಕೋಣೆ ಇರಬೇಕು ಎಂದಿತು. 1951ರ ಪ್ಲಾಂಟೇಶನ್ ಕಾಯ್ದೆ ಕಾಫಿ, ಚಹಾ ತೋಟಗಳಿಗೂ ಅಂಥದೇ ಮಾತು ಹೇಳಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಜನ ದುಡಿಯುವ ಸಂಸ್ಥೆಗಳಿಗೆಲ್ಲ ಅದನ್ನು ಕಡ್ಡಾಯ ಮಾಡಿತು. ಗದ್ದೆಗೆ? ಶುಂಠಿ ಹೊಲಕ್ಕೆ? ಇವತ್ತು ಒಬ್ಬ ಧಣಿ, ನಾಳೆ ಇನ್ನೊಬ್ಬ ಧಣಿ. ನಮ್ಮ ಅವ್ವನಿಗೆ ‘ಸಂಸ್ಥೆ’ಯೇ ಇಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆ, ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬಾಕೆಯನ್ನು ನೇಮಿಸಿ ಕೂಲಿ ಕೊಡಬೇಕೆಂದಿತು. ಕೂಸು ಆಡಿಸುವುದು ಕೂಲಿಗೆ ತಕ್ಕ ಕೆಲಸ ಎಂದು ಕಾನೂನೇ ಒಪ್ಪಿತ್ತು, ನೆನಪಿರಲಿ.

ಅಂಗನವಾಡಿ ಇದೆಯಲ್ಲ ಎನ್ನುತ್ತೀರಿ. ಇದೆ. 1975ರ ಅಕ್ಟೋಬರ್ 2ರಂದು ಶುರುವಾದ ಯೋಜನೆ, ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಿಂದ ಬಂತು. ಆದರೆ ಅಲ್ಲಿ ಕೂತು ಕಲಿಯುವುದು ಮೂರು ದಾಟಿದ ಮಗು. ಮೊಲೆ ಬಿಡದ ಕೂಸಿಗೆ ಆಹಾರದ ಪೊಟ್ಟಣ ಮನೆಗೆ ಬರುತ್ತದೆ, ನೋಡಿಕೊಳ್ಳುವ ಕೈ ಬರುವುದಿಲ್ಲ. ಆ ಕೊರತೆ ತುಂಬಲೆಂದೇ 2023ರ ಬಜೆಟ್ಟಿನಲ್ಲಿ 4000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಿಸಿದರು. ಒಳ್ಳೆಯ ಹೆಸರು, ಒಳ್ಳೆಯ ಯೋಚನೆ, ನಾವು ಸ್ವಾಗತಿಸಿದೆವು. ಆದರೆ ಆರೈಕೆ ಮಾಡುವವಳ ಕೂಲಿಯನ್ನು ಉದ್ಯೋಗ ಖಾತರಿಯ 100 ದಿನಕ್ಕೆ ಗಂಟು ಹಾಕಿದರು. ಅವಳ ದಿನ ಮುಗಿದರೆ ಇನ್ನೊಬ್ಬಳು. ಕೂಸು ಒಂದು ಮುಖ ಗುರುತು ಹಿಡಿಯುವಷ್ಟರಲ್ಲಿ ಆ ಮುಖ ಬದಲು! ಲೆಕ್ಕಕ್ಕೆ ತಕ್ಕ ಹಾಗೆ ಕೂಸು ಬೆಳೆಯಬೇಕೇನು?

ಅಂಗನವಾಡಿಯ ಅಕ್ಕನಿಗೆ ಕೊಡುವುದನ್ನು ಸಂಬಳ ಎನ್ನುವುದಿಲ್ಲ, ‘ಗೌರವಧನ’ ಎನ್ನುತ್ತಾರೆ. ನಮ್ಮ ರಾಜ್ಯ ಸರ್ಕಾರವೇ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2006ರಲ್ಲಿ ಅಮೀರ್‌ಬಿ ಪ್ರಕರಣದಲ್ಲಿ, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂಬ ತೀರ್ಪು ತಂದಿತು. 2022ರ ಏಪ್ರಿಲಿನಲ್ಲಿ ಅದೇ ಸುಪ್ರೀಂ ಕೋರ್ಟು, ಗುಜರಾತಿನ ಹೆಣ್ಣುಮಕ್ಕಳ ಪ್ರಕರಣದಲ್ಲಿ, ಇವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದಿತು. ನಡುವೆ ಸವೆದ ಸೊಂಟಗಳ ಲೆಕ್ಕ ಯಾರ ಹತ್ತಿರ ಇದೆ?

ಗೌರವದ ಆಟ ನಮಗೆ ಹೊಸದಲ್ಲ. ಚಂದ್ರಗುತ್ತಿ ಇರುವುದು ಇದೇ ಸೊರಬ ತಾಲ್ಲೂಕಿನಲ್ಲಿ. ರೇಣುಕೆ ತಾಯಿ ಎಂದು ಕೈಮುಗಿಯುತ್ತಲೇ ನಮ್ಮ ಹೆಣ್ಣುಮಕ್ಕಳನ್ನು ಬೆತ್ತಲೆ ನಡೆಸಿದರು. 1986ರಲ್ಲಿ ದಲಿತ ಸಂಘರ್ಷ ಸಮಿತಿಯ ಸಂಗಾತಿಗಳು ತಡೆಯಲು ಹೋಗಿ ಏಟು ತಿಂದರು, ಆಮೇಲೆ ನಿಷೇಧ ಬಂತು. ಆ ಪುರಾಣದಲ್ಲಿ ಅಪ್ಪನ ಮಾತಿಗೆ ತಾಯಿಯ ತಲೆ ಕಡಿದವನು ಮಗನೇ. ತಾಯಿ ಎಂದು ಪೂಜಿಸುವ ಕೈ, ಕತ್ತು ಕುಯ್ಯುವ ಕೈ ಎರಡೂ ಒಂದೇ. ದೊಡ್ಡವ್ವನಿಗೆ ಮಾತೆ, ತ್ಯಾಗಮಯಿ ಎನ್ನುವವರೇ, ನಿಮ್ಮ ಹೂವಿನ ಹಾರ ಬೇಡ. ಕೂಲಿ ಎಷ್ಟು, ಅದನ್ನು ಹೇಳಿ.

ಇನ್ನೊಂದು ಮಾತು, ಎಲ್ಲರೂ ನುಂಗಿಕೊಳ್ಳುವ ಮಾತು. ನಾಳೆ ದೊಡ್ಡವ್ವನ ಗೋಡೆಗೆ ಲೈಸೆನ್ಸಿನ ಬೋರ್ಡು ಬಂತೆನ್ನಿ. ಊರೊಳಗಿನ ಕೂಸು ಕೇರಿಗೆ ಬರುತ್ತದಾ? 2015ರಲ್ಲಿ ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯ ಸರ್ಕಾರಿ ಶಾಲೆಯಲ್ಲಿ ದಲಿತ ಹೆಂಗಸು ಅಡುಗೆ ಮಾಡುತ್ತಾಳೆಂದು ಮಕ್ಕಳಿಂದ ಬಿಸಿಯೂಟ ಬಿಡಿಸಿದರು, ಬಹಳ ಮಕ್ಕಳನ್ನು ಶಾಲೆಯಿಂದಲೇ ಬಿಡಿಸಿದರು ಎಂದು ಪತ್ರಿಕೆಗಳು ಬರೆದವು. ನಮ್ಮವರು ನಟ್ಟ ಭತ್ತ ಮೈಲಿಗೆಯಲ್ಲ, ಬೇಯಿಸಿದ ಅನ್ನ ಮೈಲಿಗೆ! ಊರಿನ ಎಷ್ಟೋ ಕೂಸುಗಳ ಹೊಕ್ಕುಳ ಬಳ್ಳಿ ಕೊಯ್ದ ಸೂಲಗಿತ್ತಿ ಕೇರಿಯವಳು. ಹುಟ್ಟಿಸುವಾಗ ಅಡ್ಡ ಬರದ ಜಾತಿ ತುತ್ತು ತಿನ್ನಿಸುವಾಗ ಎಲ್ಲಿಂದ ಬಂತು? ಹಾಗಾಗಿ ‘ನಿನ್ನ ಮನೆಯಲ್ಲಿ ನೀನೇ ವ್ಯಾಪಾರ ಮಾಡಿಕೋ’ ಎಂಬ ಸ್ವಯಂ ಉದ್ಯೋಗದ ಮಾತು ನಮಗೆ ಸಾಲದು. ಸಂತೆಯಲ್ಲಿ ಜಾತಿಯೂ ಗಿರಾಕಿಯಾಗಿ ಬರುತ್ತದೆ. ಸಾಲ ಅವಳ ತಲೆ ಮೇಲೆ, ಖಾಲಿ ಚಾಪೆ ಅವಳ ಮನೆಯೊಳಗೆ.

ನಮ್ಮ ಬೇಡಿಕೆ ಸರಳ. ಕೂಸಿನ ಮನೆ ಕೇರಿಯಲ್ಲಿ, ತಾಂಡಾದಲ್ಲಿ ಕಟ್ಟಿ, ಊರ ಕೂಸು ಅಲ್ಲಿಗೇ ಬರಲಿ. ಕೂಲಿಯ ಆಟೋ ಹೊರಡುವ ಮುಂಚೆ ಬಾಗಿಲು ತೆರೆಯಲಿ, ಅದು ವಾಪಸು ಬಂದ ಮೇಲೆ ಮುಚ್ಚಲಿ. ಕೂಸು ಸಾಕಿದ ಕೈಗೆ ತರಬೇತಿ, ವರ್ಷವಿಡೀ ಸಂಬಳ, ಮುಪ್ಪಿಗೆ ಪಿಂಚಣಿ ಸಿಗಲಿ. ಮನೆಯಲ್ಲೇ ಮಾಡುತ್ತೇನೆ ಎನ್ನುವವಳಿಗೆ ಮೊದಲು ಹಕ್ಕುಪತ್ರ ಕೊಟ್ಟು, ಗೋಡೆ ನೀರು ಒದಗಿಸಿ, ಆಮೇಲೆ ತಪಾಸಣೆಗೆ ಬನ್ನಿ.

ಕೊನೆಗೆ, ನಮ್ಮೊಳಗಿನ ಮಾತು. ಸಂಗಾತಿಗಳೇ, ನಾವು ಸಭೆ ಮಾಡುವಾಗ, ಜಾಥಾ ಹೊರಡುವಾಗ, ಈ ಪತ್ರಿಕೆಗೆ ಪದ್ಯ ಬರೆಯುವಾಗ ನಮ್ಮ ಕೂಸು ಯಾರ ಸೊಂಟದ ಮೇಲಿರುತ್ತದೆ? ಸಮಾನತೆ ಎಂದು ಕೂಗುವ ನಮ್ಮ ತೋಳಿಗೆ ಕೂಸು ಭಾರವೇ? ಮುಂದಿನ ಸಭೆಗೆ ಹೆಣ್ಣುಮಕ್ಕಳು ಬಂದು ಮಾತಾಡಲಿ. ಚಾಪೆ ಹಾಸಿ, ಕೂಸುಗಳನ್ನು ನಾವು ಆಡಿಸೋಣ.

ಅಕ್ಕ ಇವತ್ತೂ ಬೇರೆಯವರ ಗದ್ದೆಗೆ ಹೋಗುತ್ತಾಳೆ. ಅವಳ ಮೊಮ್ಮಗಳು ದೊಡ್ಡವ್ವನ ಅಂಗಳದಲ್ಲಿ ಅಂಬೆಗಾಲಿಡುತ್ತಿದ್ದಾಳೆ. ಆ ಕೂಸನ್ನು ಎತ್ತಿಕೊಳ್ಳಲು ಇನ್ನೊಬ್ಬ ಹುಡುಗಿ ಶಾಲೆ ಬಿಡಬಾರದು. ಅಷ್ಟೇ ನಾವು ಕೇಳುತ್ತಿರುವುದು. ಅಷ್ಟನ್ನು ಕೊಡುವ ತನಕ ಕೇಳುತ್ತಲೇ ಇರುತ್ತೇವೆ.